ಕಾಲುವೆ ನೀರು, ರೈತರ ತೀರ್ಮಾನ: ಕಂಪ್ಯೂಟರ್ ಮಾಡೆಲ್ ಕಟ್ಟುವ ಸರಿಯಾದ ಕ್ರಮ

ಯಾದಗಿರಿ, ಕಲಬುರಗಿ ಕಡೆ ಕಾಲುವೆ ನೀರನ್ನೂ ರೈತರ ಬೆಳೆ ತೀರ್ಮಾನವನ್ನೂ ಕಂಪ್ಯೂಟರ್ ಮಾಡೆಲ್‌ನಲ್ಲಿ ನಡೆಸಿ ನೋಡುವ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಪ್ರೋಗ್ರಾಮ್ ಓಡುತ್ತದೆ. ಪರದೆ ಮೇಲೆ ಹಸಿರು, ಹಳದಿ ಚುಕ್ಕೆಗಳು ಬದಲಾಗುತ್ತವೆ. ಗ್ರಾಫೂ ಬರುತ್ತದೆ. ಆದರೆ ‘ಮೂರನೇ ವರ್ಷ ಕಾಲುವೆಯ ಕೊನೆಭಾಗಕ್ಕೆ ನೀರು ಯಾಕೆ ಮುಟ್ಟಲಿಲ್ಲ?’ ಎಂದು ಕೇಳಿದರೆ ಕಟ್ಟಿದವರ ಬಳಿಯೇ ಉತ್ತರ ಇರುವುದಿಲ್ಲ.

ಇದಕ್ಕೆ ಕಾರಣ ಕೋಡಿಂಗ್ ಬರದೇ ಇರುವುದಲ್ಲ, ಕೆಲಸದ ಕ್ರಮ ತಪ್ಪಿರುವುದು. ಹೆಚ್ಚಿನವರು ರೈತನಿಂದ ಶುರು ಮಾಡುತ್ತಾರೆ. ಅವನಿಗೆ ಲಾಭದ ಲೆಕ್ಕ, ಸಾಲ, ನೆರೆಯವರ ಪ್ರಭಾವ, ಮಾರುಕಟ್ಟೆ ದರ ಎಲ್ಲ ಒಟ್ಟಿಗೆ ಹಾಕುತ್ತಾರೆ. ನೀರಿನ ಲೆಕ್ಕವನ್ನು ಕೊನೆಗೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಮಾಡಬೇಕಾದದ್ದು ಇದರ ತಿರುಗಾಮುರುಗಾ. ಮೊದಲು ನೀರು ಸರಿಯಾಗಿ ಹರಿಯಬೇಕು. ಆಮೇಲೆ ರೈತ ಬರಬೇಕು, ಅದೂ ಒಂದೊಂದೇ ನಿಯಮ ಹಿಡಿದುಕೊಂಡು.

ಇಲ್ಲಿ ಉದಾಹರಣೆಗೆ ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯ ಪ್ರದೇಶವನ್ನು ಇಟ್ಟುಕೊಂಡಿದ್ದೇನೆ. ಈ ಕಾಲುವೆಯನ್ನು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಹುಣಸಗಿ, ಸುರಪುರ, ಶಹಾಪುರ ಕಡೆ ಕಾಲುವೆಗೆ ಹತ್ತಿರ ಇರುವವರು ಭತ್ತ ಬೆಳೆಯುತ್ತಾರೆ, ಕೊನೆಭಾಗದವರು ನೀರಿಗೆ ಕಾಯುತ್ತಾರೆ. ರೈತರ ತೀರ್ಮಾನ ನೀರನ್ನು ಬದಲಿಸುವುದು, ನೀರು ಮತ್ತೆ ರೈತರ ತೀರ್ಮಾನವನ್ನು ಬದಲಿಸುವುದು, ಎರಡೂ ಇಲ್ಲಿ ಕಣ್ಣಿಗೇ ಕಾಣುತ್ತವೆ.

## ಕೈಯಲ್ಲಿ ಏನೇನು ಇರಬೇಕು

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಸಾಫ್ಟ್‌ವೇರ್ ನೆಟ್‌ಲೋಗೋ ಇರಲಿ. ಉಚಿತವಾಗಿ ಸಿಗುತ್ತದೆ, ಪ್ರತಿ ರೈತನನ್ನೂ ಬೇರೆ ಬೇರೆಯಾಗಿ ನಡೆಸುವ ಮಾಡೆಲ್‌ಗೆ ಅಂತಲೇ ಮಾಡಿದ್ದು. ಪೈಥಾನ್ ಚೆನ್ನಾಗಿ ಬರುವವರು ಮೇಸಾ ಎಂಬ ಲೈಬ್ರರಿ ಬಳಸಬಹುದು. ನಕ್ಷೆಗೆ ಕ್ಯೂಜಿಐಎಸ್, ಲೆಕ್ಕ ಪರೀಕ್ಷೆಗೆ ಎಕ್ಸೆಲ್.

ಮಾಹಿತಿ ಇಷ್ಟು ಬೇಕು: ವಿತರಣಾ ಕಾಲುವೆಯ ನಕ್ಷೆ, ಯಾವ ದಿನ ಎಷ್ಟು ನೀರು ಬಿಟ್ಟರು ಎಂಬ ದಾಖಲೆ, ಮಳೆ, ಬೆಳೆ ವಿವರ. ಕಾಲುವೆ ವಿಭಾಗದ ಕಚೇರಿಗಳು ಶಹಾಪುರ ಹತ್ತಿರದ ಭೀಮರಾಯನಗುಡಿಯಲ್ಲಿವೆ. ಕಾಲೇಜಿನ ಪತ್ರ ತೆಗೆದುಕೊಂಡು ಹೋಗಿ ಕೇಳಿ. ಅದೇ ಊರಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜೂ ಇದೆ, ಬೆಳೆಗೆ ಬೇಕಾಗುವ ನೀರಿನ ಬಗ್ಗೆ ಅಲ್ಲಿ ಕೇಳಬಹುದು. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ.

ದೊಡ್ಡ ಜಲವಿಜ್ಞಾನ ಸಾಫ್ಟ್‌ವೇರ್ ಸದ್ಯಕ್ಕೆ ಬೇಡ. ಅದನ್ನು ಕಲಿಯುವುದರಲ್ಲೇ ವರ್ಷ ಹೋಗುತ್ತದೆ.

## ಹಂತ 1: ಒಂದೇ ಪ್ರಶ್ನೆ ಬರೆದುಕೊಳ್ಳಿ

‘ರೈತರು ಮತ್ತು ನೀರಿನ ಸಂಬಂಧ’ ಎಂಬುದು ಪ್ರಶ್ನೆಯಲ್ಲ. ಹೀಗೆ ಬರೆಯಿರಿ: ‘ಈ ಲ್ಯಾಟರಲ್‌ನ ಮೇಲ್ಭಾಗದಲ್ಲಿ ಅರ್ಧ ಜನ ಭತ್ತ ಬಿಟ್ಟರೆ ಕೊನೆಭಾಗಕ್ಕೆ ಎಷ್ಟು ನೀರು ಸಿಗುತ್ತದೆ? ಅದನ್ನು ನಂಬಿ ಕೊನೆಭಾಗದವರು ಬೆಳೆ ಬದಲಿಸಲು ಎಷ್ಟು ಹಂಗಾಮು ಹಿಡಿಯುತ್ತದೆ?’ ಲ್ಯಾಟರಲ್ ಅಂದರೆ ವಿತರಣಾ ಕಾಲುವೆಯಿಂದ ಹೊಲಗಳ ಕಡೆ ಹೊರಡುವ ಸಣ್ಣ ಕಾಲುವೆ.

ಮೊದಲ ಭಾಗ ಬರೀ ನೀರಿನದು, ಕ್ಯಾಲ್ಕುಲೇಟರ್‌ನಲ್ಲೂ ಆಗುತ್ತದೆ. ಎರಡನೇ ಭಾಗಕ್ಕೆ ಮಾತ್ರ ಮಾಡೆಲ್ ಬೇಕು. ನಿಮ್ಮ ಪ್ರಶ್ನೆಯಲ್ಲಿ ಈ ಎರಡನೇ ಭಾಗ ಇಲ್ಲದಿದ್ದರೆ ಇಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇಲ್ಲ.

ಗಡಿಯನ್ನೂ ಇಲ್ಲೇ ಹಾಕಿಕೊಳ್ಳಿ. ಮೊದಲ ಮಾಡೆಲ್ ಒಂದು ಲ್ಯಾಟರಲ್ ದಾಟಬಾರದು. ಆಲಮಟ್ಟಿ ಜಲಾಶಯದ ಮಟ್ಟ, ನೀರು ಬಿಡುವ ಬಗ್ಗೆ ನೀರಾವರಿ ಸಲಹಾ ಸಮಿತಿಯ ತೀರ್ಮಾನ ಇವೆಲ್ಲ ಹೊರಗಿನಿಂದ ಬರುವ ಅಂಕಿ. ಅವನ್ನು ಮಾಡೆಲ್ ಒಳಗೆ ಕಟ್ಟಲು ಹೋಗಬೇಡಿ.

## ಹಂತ 2: ಕೋಡ್ ಮುಟ್ಟುವ ಮೊದಲು ಹೊಲಕ್ಕೆ ಹೋಗಿ

ಈ ಹಂತ ಬಿಟ್ಟವರ ಮಾಡೆಲ್ ಉಳಿದಿದ್ದನ್ನು ನಾನು ನೋಡಿಲ್ಲ. ಹೋಗುವುದಷ್ಟೇ ಅಲ್ಲ, ಕೇಳುವ ರೀತಿಯೂ ಮುಖ್ಯ. ‘ಭತ್ತ ಯಾಕೆ ಬೆಳೀತೀರಿ?’ ಎಂದರೆ ‘ಲಾಭ ಜಾಸ್ತಿ ಅದಕ್ಕೆ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಯಾವಾಗ ಎಂದು ಕೇಳಿ. ತೀರ್ಮಾನ ಮಾಡಿದ ದಿನ ಅವರಿಗೆ ಏನೇನು ಗೊತ್ತಿತ್ತು ಎಂದು ಕೇಳಿ.

‘ಕಾಕಾ, ಈ ಸಲ ನೆಲ್ಲು ಹಚ್ಚಬೇಕಂತ ಯಾವಾಗ ಗಟ್ಟಿ ಮಾಡಿದ್ರಿ?’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: ‘ಸಸಿ ಹಾಕಿದಾಗೇ ಗಟ್ಟಿ ಆಯ್ತಲ್ರಿ. ಬಾಜು ಹೊಲದಾಂವ ಹಾಕಿದ. ನಾ ಹತ್ತಿ ಇಟ್ರ ಆಂವನ ಗದ್ದಿ ನೀರು ಬಸದು ನನ್ನ ಹೊಲದಾಗ ನಿಂದರ್ತಾವ. ಹತ್ತಿ ಬೇರು ಕೊಳಿತದ. ಮತ್ತೇನ್ ಮಾಡ್ಲಿ?’

ಈ ನಾಲ್ಕು ಮಾತಿನಲ್ಲಿ ಎರಡು ದೊಡ್ಡ ವಿಷಯಗಳಿವೆ. ಒಂದು, ತೀರ್ಮಾನ ಸಸಿ ಹಾಕುವಾಗಲೇ ಆಗಿಹೋಗಿದೆ. ಆ ದಿನ ಕಾಲುವೆಗೆ ಎಷ್ಟು ದಿನ ನೀರು ಎಂಬುದು ಗೊತ್ತಿತ್ತೇ, ಇಲ್ಲವೇ? ಗೊತ್ತಿರಲಿಲ್ಲ ಎಂದಾದರೆ, ಈ ವರ್ಷದ ನೀರು ನೋಡಿ ಬೆಳೆ ಆರಿಸುವ ರೈತನನ್ನು ನೀವು ಮಾಡೆಲ್‌ನಲ್ಲಿ ಹಾಕುವಂತಿಲ್ಲ.

ಎರಡು, ನೆರೆಯವರ ಪ್ರಭಾವ ಅಂದರೆ ಬರೀ ನೋಡಿ ಕಲಿಯುವುದಲ್ಲ. ಇಲ್ಲಿ ಬಸಿ ನೀರು ರೈತನಿಗೆ ಬೇರೆ ದಾರಿಯನ್ನೇ ಉಳಿಸಿಲ್ಲ. ನಕ್ಷೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಭತ್ತ ಅಕ್ಕಪಕ್ಕದ ಹೊಲಗಳಲ್ಲಿ ಗುಂಪಾಗಿರುತ್ತದೆ. ಆದರೆ ಪರಿಹಾರ ಬೇರೆ ಬೇರೆ. ನೋಡಿ ಕಲಿತದ್ದಾದರೆ ತಿಳಿವಳಿಕೆ ಕೊಟ್ಟರೆ ಬದಲಾಗಬಹುದು. ಬಸಿ ನೀರಿನ ಕಾಟವಾದರೆ ಬಸಿಗಾಲುವೆ ತೋಡುವವರೆಗೆ ಯಾವ ಉಪದೇಶವೂ ನಡೆಯುವುದಿಲ್ಲ. ಈ ಎರಡನ್ನು ಬೇರೆ ಮಾಡದ ಮಾಡೆಲ್ ತಪ್ಪು ಸಲಹೆ ಕೊಡುತ್ತದೆ.

ಇನ್ನೂ ಕೇಳಬೇಕಾದವು: ಹೊಲ ಸ್ವಂತದ್ದೋ, ಲಾವಣಿಗೆ ಹಿಡಿದದ್ದೋ? ಲಾವಣಿ ಹಣ ಮುಂಚೆಯೇ ಕಟ್ಟಿದವರು ತೊಗರಿ ಹಾಕಿ ಕೂರುವುದು ಕಷ್ಟ. ಎರೆ (ಕಪ್ಪು) ನೆಲವೋ, ಮಸಾರಿಯೋ (ಕೆಂಪು)? ಪಂಪ್‌ಸೆಟ್ ಇದೆಯೇ? ಇದ್ದರೆ ನೀರು ಎತ್ತುವುದು ಕಾಲುವೆಯಿಂದಲೋ, ಹಳ್ಳದಿಂದಲೋ, ಬೋರ್‌ವೆಲ್‌ನಿಂದಲೋ?

ಮೇಲ್ಭಾಗ, ನಡುಭಾಗ, ಕೊನೆಭಾಗ ಮೂರೂ ಕಡೆ ಮಾತಾಡಿ. ರಸ್ತೆ ಬದಿಯ ಹೊಲದವರನ್ನಷ್ಟೇ ಕೇಳಿ ಬರುವುದು ಎಲ್ಲರೂ ಮಾಡುವ ತಪ್ಪು.

## ಹಂತ 3: ರೈತರಿಲ್ಲದೆ ನೀರು ಹರಿಸಿ

ಈಗ ಕಂಪ್ಯೂಟರ್ ತೆರೆಯಿರಿ. ಎಲ್ಲ ಹೊಲಗಳಿಗೂ ಬೆಳೆಯನ್ನು ನೀವೇ ಹಂಚಿಬಿಡಿ. ಯಾರೂ ಏನನ್ನೂ ತೀರ್ಮಾನ ಮಾಡುವುದಿಲ್ಲ. ನೀರು ಮಾತ್ರ ದಿನ ದಿನಕ್ಕೆ ಹರಿಯಲಿ.

ಅಳತೆಗಳು. 1 ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಅದು ಹರಿವಿನ ದರ, ಒಟ್ಟು ಪ್ರಮಾಣ ಅಲ್ಲ. 1 ಕ್ಯುಸೆಕ್ ಇಡೀ ದಿನ ಹರಿದರೆ ಸುಮಾರು 2,447 ಘನ ಮೀಟರ್ ಆಗುತ್ತದೆ. 1 ಎಕರೆ ಮೇಲೆ 1 ಮಿ.ಮೀ. ನೀರು ನಿಂತರೆ 4.05 ಘನ ಮೀಟರ್. 11,574 ಕ್ಯುಸೆಕ್ ಒಂದು ದಿನ ಹರಿದರೆ 1 ಟಿಎಂಸಿ. ಪ್ರೋಗ್ರಾಮ್ ಒಳಗೆ ಎಲ್ಲವೂ ಘನ ಮೀಟರ್‌ನಲ್ಲೇ ಇರಲಿ. ಎಕರೆ, ಹೆಕ್ಟೇರ್ ಬೆರೆಸಿದ ಕಡೆ ಉತ್ತರ ಎರಡೂವರೆ ಪಟ್ಟು ತಪ್ಪುತ್ತದೆ. ಗ್ರಾಫ್ ಮಾತ್ರ ಚೆಂದವೇ ಇರುತ್ತದೆ, ಅದಕ್ಕೇ ಈ ತಪ್ಪು ಸಿಕ್ಕಿಬೀಳುವುದಿಲ್ಲ.

ಒಂದು ಲೆಕ್ಕ ಕೈಯಲ್ಲಿ ಮಾಡಿ. ಲ್ಯಾಟರಲ್‌ಗೆ 5 ಕ್ಯುಸೆಕ್ ಬರುತ್ತದೆ ಎಂದುಕೊಳ್ಳಿ. ಅದರ ಕೆಳಗೆ 100 ರೈತರು, ತಲಾ 4 ಎಕರೆ. ನೀರು 14 ದಿನ ಚಾಲೂ, 10 ದಿನ ಬಂದ್. ದಾರಿಯಲ್ಲಿ 30% ಸೋರಿಕೆ. ಇವೆಲ್ಲ ಉದಾಹರಣೆಯ ಅಂಕಿಗಳು, ನಿಮ್ಮ ಕಾಲುವೆಯ ಅಂಕಿ ನೀವು ಹಾಕಿಕೊಳ್ಳಬೇಕು. ಸರಾಸರಿ ತೆಗೆದರೆ ಹೊಲಕ್ಕೆ ಮುಟ್ಟುವುದು ದಿನಕ್ಕೆ ಸುಮಾರು 5,000 ಘನ ಮೀಟರ್.

ಬೆಳೆ ಕುಡಿಯುವುದು, ನೆಲಕ್ಕೆ ಇಂಗುವುದು ಸೇರಿ ಭತ್ತಕ್ಕೆ ದಿನಕ್ಕೆ 10 ಮಿ.ಮೀ. ಹಿಡಿದರೆ ಆ ನೀರು 123 ಎಕರೆಗೆ ಸಾಕಾಗುತ್ತದೆ. ಅಂದರೆ ಮೊದಲ 31 ರೈತರು ಭತ್ತ ಹಾಕಿದರೆ ಉಳಿದ 69 ಜನಕ್ಕೆ ಏನೂ ಉಳಿಯುವುದಿಲ್ಲ. ಅದೇ ನೀರಲ್ಲಿ ಹತ್ತಿಗೆ, ಮಳೆ ಕಳೆದು, 4 ಮಿ.ಮೀ. ಎಂದರೆ 308 ಎಕರೆ ನೆನೆಯುತ್ತದೆ.

ನಿಮ್ಮ ಮಾಡೆಲ್ ಇದೇ ಅಂಕಿ ಹಾಕಿದಾಗ ಇದೇ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಕ್ಕೆ ಹೋಗಬೇಡಿ.

ಸರದಿ. ನೆಟ್‌ಲೋಗೋದಲ್ಲಿ ಅತಿ ಹೆಚ್ಚು ಜನ ಬೀಳುವ ಗುಂಡಿ ಇದು. ‘ಆಸ್ಕ್’ ಆಜ್ಞೆ ಕೊಟ್ಟರೆ ಅದು ರೈತರನ್ನು ಪ್ರತಿ ಸಲ ಬೇರೆ ಬೇರೆ ಕ್ರಮದಲ್ಲಿ ಕರೆಯುತ್ತದೆ. ಹಾಗಾದಾಗ ಇವತ್ತು ಮೊದಲ ಹೊಲದವನಿಗೆ ಮೊದಲು ನೀರು, ನಾಳೆ ಕೊನೆಯವನಿಗೆ ಮೊದಲು. ಮೇಲ್ಭಾಗ, ಕೊನೆಭಾಗ ಎಂಬ ಭೇದವೇ ಅಳಿಸಿಹೋಗುತ್ತದೆ. ನೀವು ಅಧ್ಯಯನ ಮಾಡಲು ಹೊರಟದ್ದೇ ಮಾಯ! ನೀರು ತೆಗೆದುಕೊಳ್ಳುವ ಭಾಗದಲ್ಲಿ ತೂಬಿನಿಂದ ಇರುವ ದೂರದ ಪ್ರಕಾರ ‘ಸಾರ್ಟ್-ಆನ್’ ಆಜ್ಞೆಯಿಂದ ಸಾಲಾಗಿ ಜೋಡಿಸಿ, ‘ಫೋರ್‌ಈಚ್’ ಬಳಸಿ ಒಬ್ಬೊಬ್ಬರನ್ನೇ ಕರೆಯಿರಿ.

ಸೋರಿಕೆ. ಮೇಲಿನ ಕೈ ಲೆಕ್ಕಕ್ಕೆ ತಾಳೆ ನೋಡುವಾಗ ಮಾತ್ರ ಒಟ್ಟಿಗೆ 30% ಕಳೆಯಿರಿ, ಆಮೇಲೆ ಹಾಗೆ ಮಾಡಬೇಡಿ. ಕಾಲುವೆ ಉದ್ದಕ್ಕೂ ಸ್ವಲ್ಪ ಸ್ವಲ್ಪ ಕಳೆಯಿರಿ. ಇಲ್ಲದಿದ್ದರೆ ಕೊನೆಭಾಗದವರ ನಷ್ಟ ಕಡಿಮೆ ಕಾಣುತ್ತದೆ.

ಬಸಿ ನೀರು. ಗದ್ದೆಯಿಂದ ಇಂಗಿದ್ದು, ಬಸಿದದ್ದು ಎಲ್ಲ ನಷ್ಟ ಅಲ್ಲ. ಒಂದಷ್ಟು ಹಳ್ಳಕ್ಕೆ ಇಳಿಯುತ್ತದೆ, ಕೆಳಗಿನವರು ಪಂಪ್ ಇಟ್ಟು ಎತ್ತುತ್ತಾರೆ. ಅದನ್ನು ನಷ್ಟ ಎಂದು ಬರೆದರೆ, ‘ಭತ್ತ ಬಿಟ್ಟರೆ ಇಷ್ಟು ನೀರು ಉಳಿತಾಯ’ ಎಂಬ ನಿಮ್ಮ ಅಂಕಿ ಉಬ್ಬುತ್ತದೆ. ಮೇಲಿನವರು ಭತ್ತ ನಿಲ್ಲಿಸಿದರೆ ಹಳ್ಳ ನಂಬಿದವನಿಗೆ ನೀರು ಕಡಿಮೆಯಾಗುತ್ತದೆ, ಅಲ್ವಾ? ಒಬ್ಬರಿಗೆ ಉಳಿದದ್ದು ಇನ್ನೊಬ್ಬರಿಗೆ ಕಳೆದದ್ದೂ ಆಗಿರಬಹುದು. ತಗ್ಗಿನ ಹೊಲಗಳಲ್ಲಿ ಇದೇ ಬಸಿ ನೀರು ನಿಂತು ಸವಳು-ಜವುಳು (ಉಪ್ಪು, ಜೌಗು) ಆಗುವುದೂ ಉಂಟು. ಹಂತ 2ರಲ್ಲಿ ಕಾಕಾ ಹೇಳಿದ ಹತ್ತಿ ಬೇರಿನ ಮಾತು ಕೋಡ್ ಒಳಗೆ ಬರುವುದು ಇಲ್ಲೇ.

ದಿನದ ತಪಾಸಣೆ. ಬಂದ ನೀರು = ಬೆಳೆ ಬಳಸಿದ್ದು + ಸೋರಿದ್ದು + ಬಸಿದದ್ದು + ಹೊಲದಲ್ಲಿ ಹೆಚ್ಚಾದದ್ದು + ಕಾಲುವೆ ತುದಿಯಿಂದ ಹೊರಹೋದದ್ದು. ಮಳೆಯನ್ನು ಎಡಗಡೆ ಸೇರಿಸಿ. ಪ್ರತಿ ದಿನದ ಕೊನೆಗೆ ಎರಡೂ ಕಡೆ ತಾಳೆಯಾಗದಿದ್ದರೆ ಪ್ರೋಗ್ರಾಮ್ ತಾನೇ ನಿಲ್ಲುವಂತೆ ಒಂದು ಸಾಲು ಬರೆಯಿರಿ. ಈ ಸಾಲನ್ನು ಕೊನೆಯವರೆಗೂ ತೆಗೆಯಬೇಡಿ.

ಆಮೇಲೆ ವಿಪರೀತ ಸ್ಥಿತಿ ಕೊಟ್ಟು ನೋಡಿ. ಕಾಲುವೆ ಪೂರ್ತಿ ಬಂದ್ ಮಾಡಿ. ಒಬ್ಬನೇ ರೈತನನ್ನು ಇಡಿ. ಸೊನ್ನೆ ಮಳೆ ಕೊಡಿ. ಎಲ್ಲೂ ನೀರು ಸೊನ್ನೆಗಿಂತ ಕೆಳಗೆ ಇಳಿಯಬಾರದು.

## ಹಂತ 4: ರೈತನಿಗೆ ಒಂದೊಂದೇ ನಿಯಮ ಕೊಡಿ

ಮೊದಲ ರೈತ ಹೋದ ವರ್ಷದ ಬೆಳೆಯನ್ನೇ ಮತ್ತೆ ಹಾಕಲಿ. ಅಷ್ಟೇ. ಇದೇ ನಿಮ್ಮ ಹೋಲಿಕೆಯ ಅಳತೆಗೋಲು.

ಎರಡನೇ ನಿಯಮ ನಂಬಿಕೆ. ಪ್ರತಿ ರೈತ ‘ನನ್ನ ಸರದಿಗೆ ನೀರು ಬರುತ್ತದೆ’ ಎಂದು ಎಷ್ಟು ನಂಬುತ್ತಾನೆ ಎಂಬುದನ್ನು 0ಯಿಂದ 1ರವರೆಗಿನ ಅಂಕಿಯಾಗಿ ಇಡಿ. ಹಂಗಾಮು ಮುಗಿದಾಗ ಹೀಗೆ ಬದಲಿಸಿ: ಹೊಸ ನಂಬಿಕೆ = ಹಳೇ ನಂಬಿಕೆ + ಕಲಿಯುವ ವೇಗ × (ಈ ಸಲ ಸಿಕ್ಕಿದ್ದು − ಹಳೇ ನಂಬಿಕೆ).

ಕಲಿಯುವ ವೇಗ 0.3 ಎಂದಿಟ್ಟುಕೊಳ್ಳಿ. ನಂಬಿಕೆ 0.2 ಇದ್ದವನಿಗೆ ಒಂದು ಹಂಗಾಮು ಪೂರ್ತಿ ನೀರು ಬಂತು, ಅಂದರೆ ಸಿಕ್ಕಿದ್ದು 1. ನಂಬಿಕೆ 0.44 ಆಯಿತು. ಮುಂದಿನ ಸಲವೂ ಪೂರ್ತಿ ಬಂತು, 0.61. ಅವನು 0.6 ದಾಟಿದರೆ ಮಾತ್ರ ತೊಗರಿ ಬಿಟ್ಟು ಮೆಣಸಿನಕಾಯಿಗೆ ಹೋಗುತ್ತಾನೆ ಎಂದಾದರೆ ಎರಡು ಹಂಗಾಮು ಬೇಕಾಯಿತು. ಮೂರನೇ ಸಲ ನೀರು ಬರಲೇ ಇಲ್ಲ ಎನ್ನಿ, ನಂಬಿಕೆ ಮತ್ತೆ 0.43ಕ್ಕೆ ಕುಸಿಯುತ್ತದೆ. ಎರಡು ಹಂಗಾಮಿನಲ್ಲಿ ಗಳಿಸಿದ್ದರ ಅರ್ಧಕ್ಕಿಂತ ಹೆಚ್ಚು ಉಳಿದರೂ ಅವನು ತೊಗರಿಗೆ ವಾಪಸ್. ಹಂತ 1ರ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಹುಟ್ಟುವುದು ಈ ಒಂದು ಸಾಲಿನಿಂದ.

ಇದನ್ನು ಓಡಿಸಿ, ನೋಡಿ, ಅರ್ಥ ಮಾಡಿಕೊಂಡ ಮೇಲೆ ಮಾತ್ರ ಮೂರನೇ ನಿಯಮ: ಬಸಿ ನೀರಿನ ಒತ್ತಡ. ಆಮೇಲೆ ಲಾವಣಿ. ಆಮೇಲೆ ಬೇಕಾದರೆ ದರ. ಪ್ರತಿ ನಿಯಮಕ್ಕೂ ಒಂದು ಸ್ವಿಚ್ ಇರಲಿ, ಯಾವಾಗ ಬೇಕಾದರೂ ಆಫ್ ಮಾಡುವಂತೆ.

ಎಲ್ಲ ರೈತರೂ ಲೆಕ್ಕ ಹಾಕಿ ಗರಿಷ್ಠ ಲಾಭದ ಬೆಳೆ ಆರಿಸುತ್ತಾರೆ ಎಂಬ ನಿಯಮದಿಂದ ಶುರು ಮಾಡಬೇಡಿ. ಪುಸ್ತಕಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಹಾಕುತ್ತಾರೆ. ಅಂಗಡಿಯಲ್ಲಿ ಬೀಜ, ಗೊಬ್ಬರ ಉದ್ರಿ ತಂದು ಬಿತ್ತುವವನ ಮುಂದೆ ಅಷ್ಟೊಂದು ಆಯ್ಕೆಗಳೇ ಇರುವುದಿಲ್ಲ.

## ಹಂತ 5: ಎರಡನ್ನೂ ಜೋಡಿಸಿ

ಹಂಗಾಮಿನ ಒಳಗಿನ ಕ್ರಮವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ: ನಂಬಿಕೆ ನೋಡು, ಬೆಳೆ ಆರಿಸು, ದಿನ ದಿನ ನೀರು ಹರಿಸು, ಇಳುವರಿ ತೆಗೆ, ಆದಾಯ ಲೆಕ್ಕ ಹಾಕು, ನಂಬಿಕೆ ತಿದ್ದು. ನೀರಿನ ಹೆಜ್ಜೆ ದಿನಕ್ಕೊಂದು, ತೀರ್ಮಾನದ ಹೆಜ್ಜೆ ಹಂಗಾಮಿಗೊಂದು.

ನೀರಿಗೆ ಸರದಿ ಬೇಕು ಅಂದೆವು. ಬೆಳೆ ಆರಿಸುವುದಕ್ಕೆ ಅದು ಕೂಡದು. ಎಲ್ಲರೂ ಹೋದ ಹಂಗಾಮಿನ ಸ್ಥಿತಿ ನೋಡಿ ಮನಸ್ಸಿನಲ್ಲೇ ಆರಿಸಲಿ, ಆಮೇಲೆ ಎಲ್ಲರ ಬೆಳೆ ಒಟ್ಟಿಗೆ ಬದಲಾಗಲಿ. ಇಲ್ಲದಿದ್ದರೆ ನಂತರ ಬಂದವನು ಮೊದಲಿನವನ ಹೊಸ ಬೆಳೆ ನೋಡಿ ನಕಲು ಮಾಡುತ್ತಾನೆ. ಹತ್ತು ವರ್ಷದಲ್ಲಿ ಹರಡಬೇಕಾದದ್ದು ಒಂದೇ ಹಂಗಾಮಿನಲ್ಲಿ ಹರಡುತ್ತದೆ.

ಇಳುವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಎಫ್‌ಎಒ, ಕೊಟ್ಟ ಸರಳ ಸೂತ್ರ ಸಾಕು: ಇಳುವರಿ ಕುಸಿತ = ಬೆಳೆಯ ಅಂಶ × ನೀರಿನ ಕೊರತೆ. ಹತ್ತಿಗೆ ಆ ಅಂಶ 0.85. ನೀರು 40% ಕಡಿಮೆಯಾದರೆ ಇಳುವರಿ 34% ಇಳಿಯುತ್ತದೆ. ಭತ್ತಕ್ಕೆ ಇಡೀ ಹಂಗಾಮಿನ ಸರಾಸರಿ ನಂಬಬೇಡಿ. ತೆನೆ, ಹೂವಿನ ಹೊತ್ತಿಗೆ ನೀರು ತಪ್ಪಿದರೆ ಹೊಡೆತ ಜಾಸ್ತಿ, ಹಾಗಾಗಿ ಬೆಳೆಯ ಘಟ್ಟಗಳನ್ನು ಬೇರೆ ಬೇರೆ ಲೆಕ್ಕ ಮಾಡಿ.

## ಹಂತ 6: ನಿಜದ ಜೊತೆ ಹೋಲಿಸಿ

ಒಂದೇ ಅಂಕಿ ಹೊಂದಿಸಿ ಖುಷಿಪಡಬೇಡಿ. ಭತ್ತದ ಒಟ್ಟು ಎಕರೆ ಹೊಂದಿಸುವುದು ಸುಲಭ, ಯಾವುದೋ ಒಂದು ಅಂಶವನ್ನು ತಿರುವಿದರೆ ಆಯಿತು. ಮೂರು ನಾಲ್ಕು ಚಹರೆಗಳು ಒಟ್ಟಿಗೆ ಹೊಂದಬೇಕು. ತೂಬಿನಿಂದ ದೂರ ಹೋದಂತೆ ಭತ್ತ ಕಡಿಮೆಯಾಗುವ ರೀತಿ. ನೀರು ಕಡಿಮೆ ಬಿಟ್ಟ ವರ್ಷದ ಮರುವರ್ಷ ಏನಾಯಿತು. ಭತ್ತದ ಹೊಲಗಳು ಗುಂಪಾಗಿವೆಯೋ, ಚದುರಿವೆಯೋ.

ಬೆಳೆ ತಿಳಿಯಲು ಪಹಣಿಯ ಬೆಳೆ ಕಲಂ ಒಂದನ್ನೇ ನೆಚ್ಚಬೇಡಿ. ಬೆಳೆ ಸಮೀಕ್ಷೆಯ ಮಾಹಿತಿ, ಉಪಗ್ರಹ ಚಿತ್ರ, ನಿಮ್ಮ ಹೊಲದ ನೋಟ್‌ಬುಕ್ ಮೂರನ್ನೂ ಎದುರು ಬದುರು ಇಡಿ. ಸೆಂಟಿನೆಲ್-2 ಚಿತ್ರಗಳು 10 ಮೀಟರ್‌ವರೆಗೆ ಸ್ಪಷ್ಟ, ಉಚಿತ. ಆದರೆ ಮುಂಗಾರಿನಲ್ಲಿ ಮೋಡ ಅಡ್ಡ ಬರುತ್ತದೆ. ಆಗ ಸೆಂಟಿನೆಲ್-1 ರೇಡಾರ್ ಬಳಸಿ. ಅದು ಮೋಡದ ಮೂಲಕವೂ ನೋಡುತ್ತದೆ, ನಾಟಿ ಸಮಯದಲ್ಲಿ ನೀರು ನಿಂತ ಗದ್ದೆಯನ್ನು ಚೆನ್ನಾಗಿ ತೋರಿಸುತ್ತದೆ.

ಮಾಡೆಲ್ ಹೊಂದಿಸಲು ಬಳಸಿದ ವರ್ಷಗಳಲ್ಲೇ ಪರೀಕ್ಷೆ ಮಾಡುವಂತಿಲ್ಲ. ಕೆಲವು ವರ್ಷಗಳನ್ನು ಮೊದಲೇ ಬದಿಗಿಡಿ, ಕೊನೆಯವರೆಗೂ ಮುಟ್ಟಬೇಡಿ.

## ಹಂತ 7: ಹಲವು ಸಲ ಓಡಿಸಿ

ಮಾಡೆಲ್‌ನಲ್ಲಿ ಅದೃಷ್ಟದ ಪಾಲು ಇರುತ್ತದೆ. ಒಂದು ಸಲ ಓಡಿಸಿ ಬಂದದ್ದನ್ನು ಫಲಿತಾಂಶ ಎನ್ನಬೇಡಿ. ಮಾಡೆಲ್ ಅನ್ನು ಹಲವು ಸಲ ತಾನೇ ಓಡಿಸುವ ನೆಟ್‌ಲೋಗೋದ ಬಿಹೇವಿಯರ್‌ಸ್ಪೇಸ್‌ನಲ್ಲಿ ಪ್ರತಿ ಸ್ಥಿತಿಗೂ ಬೇರೆ ಬೇರೆ ರ‍್ಯಾಂಡಮ್ ಸೀಡ್ (ಆ ಅದೃಷ್ಟದ ಆಟ ಶುರುವಾಗುವ ಅಂಕಿ) ಕೊಟ್ಟು ಕನಿಷ್ಠ 30 ಸಲ ಓಡಿಸಿ. ಸರಾಸರಿ ಜೊತೆಗೆ ಹರವನ್ನೂ ಬರೆಯಿರಿ. ಮೊದಲ ಕೆಲವು ಹಂಗಾಮುಗಳು ನೀವು ಕೊಟ್ಟ ಆರಂಭದ ಅಂಕಿಯ ಪ್ರಭಾವದಲ್ಲೇ ಇರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಂತರ ಕಲಿಯುವ ವೇಗ, ಸೋರಿಕೆ, ಬಸಿ ನೀರಿನ ಪಾಲು ಒಂದೊಂದನ್ನೇ ಹೆಚ್ಚು ಕಡಿಮೆ ಮಾಡಿ. ಆಮೇಲೆ ಎರಡೆರಡನ್ನು ಒಟ್ಟಿಗೆ.

## ಅಪಾಯದ ಗುರುತುಗಳು

ನಂಬಿಕೆಯ ಸ್ವಿಚ್ ಆಫ್ ಮಾಡಿದರೂ ಗ್ರಾಫ್ ಹಾಗೇ ಇದೆಯೇ? ಹಾಗಾದರೆ ರೈತರ ತೀರ್ಮಾನ ನಿಮ್ಮ ಮಾಡೆಲ್‌ನಲ್ಲಿ ಸುಮ್ನೆ ಕೂತಿದೆ, ಏನೂ ಕೆಲಸ ಮಾಡುತ್ತಿಲ್ಲ. ಸಾಮಾನ್ಯವಾಗಿ ತಪ್ಪು ಹಂತ 5ರ ಕ್ರಮದಲ್ಲಿರುತ್ತದೆ.

ಒಂದು ವರ್ಷ ಎಲ್ಲರೂ ಭತ್ತ, ಮರುವರ್ಷ ಎಲ್ಲರೂ ತೊಗರಿ, ಮತ್ತೆ ಎಲ್ಲರೂ ಭತ್ತ. ಹೀಗಾದರೆ ಬೆಳೆ ಬದಲಿಸುವ ನಂಬಿಕೆಯ ಮಿತಿಯನ್ನು (ಹಂತ 4ರ 0.6ರಂಥದ್ದು) ಎಲ್ಲ ರೈತರಿಗೂ ಒಂದೇ ಕೊಟ್ಟಿದ್ದೀರಿ. ಮಿತಿಯನ್ನು ರೈತರಿಂದ ರೈತರಿಗೆ ಸ್ವಲ್ಪ ಸ್ವಲ್ಪ ಬೇರೆ ಮಾಡಿ.

ಕೊನೆಭಾಗಕ್ಕೂ ಮೇಲ್ಭಾಗಕ್ಕೂ ಸಮ ನೀರು ಸಿಗುತ್ತಿದ್ದರೆ ‘ಆಸ್ಕ್’ ಆಜ್ಞೆಯನ್ನು ಹುಡುಕಿ.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘ಕೊನೆಭಾಗದವರು ಭತ್ತ ಬೆಳೆಯುವುದಿಲ್ಲ’ ಎಂದು ನೀವೇ ಕೋಡ್‌ನಲ್ಲಿ ಬರೆದು, ಆಮೇಲೆ ‘ಕೊನೆಭಾಗದಲ್ಲಿ ಭತ್ತ ಇಲ್ಲ ಎಂದು ಮಾಡೆಲ್ ತೋರಿಸಿತು’ ಎಂದು ವರದಿ ಮಾಡುವುದು. ಯಾವ ನಿಯಮದಲ್ಲೂ ‘ಮೇಲ್ಭಾಗ’, ‘ಕೊನೆಭಾಗ’ ಎಂಬ ಪದ ಇರಕೂಡದು. ದೂರ, ಸಿಕ್ಕ ನೀರು, ನಂಬಿಕೆ ಇವಿಷ್ಟರಿಂದಲೇ ಆ ಭೇದ ತಾನಾಗಿ ಹುಟ್ಟಬೇಕು.

## ಹಂತ 8: ಬರೆದಿಡಿ, ತೋರಿಸಿ

ಬೇರೆಯವರು ಓದಿ ಮತ್ತೆ ಕಟ್ಟುವಂತೆ ವಿವರ ಬರೆಯಲು ಒಡಿಡಿ ಎಂಬ ಒಪ್ಪಿತ ನಮೂನೆ ಇದೆ. 2006ರಲ್ಲಿ ಬಂತು, 2020ರಲ್ಲಿ ಮತ್ತೆ ಪರಿಷ್ಕರಿಸಿದರು. ಉದ್ದೇಶ, ಯಾರು ಯಾರು ಇದ್ದಾರೆ, ಯಾವ ಕ್ರಮದಲ್ಲಿ ಏನು ನಡೆಯುತ್ತದೆ, ಆರಂಭದ ಅಂಕಿಗಳು ಎಲ್ಲಿಂದ ಬಂದವು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಕಟ್ಟುತ್ತಾ ಕಟ್ಟುತ್ತಾ ಬರೆಯಿರಿ. ಕೊನೆಗೆ ಬರೆಯುತ್ತೇನೆ ಎಂದರೆ ಯಾವ ಅಂಕಿ ಅಂದಾಜು, ಯಾವುದು ಅಳೆದದ್ದು ಎಂಬುದೇ ಮರೆತಿರುತ್ತದೆ.

ನೀವು ಮಾತಾಡಿಸಿದ ರೈತರ ಹತ್ತಿರ ಫಲಿತಾಂಶ ತೆಗೆದುಕೊಂಡು ಹೋಗಿ. ಗ್ರಾಫ್ ಬೇಡ. ಕಾಲುವೆಯ ನಕ್ಷೆ ಬಿಡಿಸಿ, ಹಂಗಾಮು ಹಂಗಾಮಿಗೆ ಹೊಲದ ಬಣ್ಣ ಬದಲಾಗುವುದನ್ನು ತೋರಿಸಿ. ‘ಹಿಂಗ ಆಗಂಗಿಲ್ರಿ’ ಎಂದು ಯಾರಾದರೂ ಹೇಳಿದರೆ ಯಾವ ಹಂಗಾಮಿನಲ್ಲಿ, ಯಾವ ಹೊಲದಲ್ಲಿ ಎಂದು ಕೇಳಿ ಬರೆದುಕೊಳ್ಳಿ. ಹಂತ 4ಕ್ಕೆ ವಾಪಸ್ ಹೋಗಲು ಅದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ತೋರಿಸುವ ನಕ್ಷೆಯಲ್ಲಿ ಸರ್ವೆ ನಂಬರ್, ಹೆಸರು, ಹೊಲದ ನಿಜವಾದ ಗಡಿ ಹಾಕಬೇಡಿ. ನಿಗದಿಯಾದ ಬೆಳೆ ಬಿಟ್ಟು ಭತ್ತ ಹಾಕಿದವರ ಮಾಹಿತಿ ನಿಮ್ಮ ಫೈಲ್‌ನಲ್ಲಿದೆ. ಅವರು ನಿಮ್ಮನ್ನು ನಂಬಿ ಹೇಳಿದ್ದು. ಹೊಲಗಳಿಗೆ ಸುಳ್ಳು ನಂಬರ್ ಕೊಡಿ, ತೂಬಿನಿಂದ ದೂರವನ್ನು ಮಾತ್ರ ಉಳಿಸಿಕೊಳ್ಳಿ, ಹೆಸರಿರುವ ಮೂಲ ಪಟ್ಟಿಯನ್ನು ಬೇರೆ ಕಡೆ ಪಾಸ್‌ವರ್ಡ್ ಹಾಕಿಡಿ. ಮಾಡೆಲ್ ಜೊತೆ ಯಾರಿಗಾದರೂ ಮಾಹಿತಿ ಕಳಿಸುವಾಗ ಆ ಪಟ್ಟಿ ಅದರಲ್ಲಿ ಸೇರಿಲ್ಲ ಎಂದು ಫೋಲ್ಡರ್ ತೆರೆದು ನೋಡಿಯೇ ಕಳಿಸಿ.